ಎಳೆ ಮಗುವಿನ ಮನೆಯಲ್ಲಿ: ಯಾವಾಗ ಕಾಯಬೇಕು, ಯಾವಾಗ ಓಡಬೇಕು

(ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ ಮಕ್ಕಳ ವೈದ್ಯರೊಬ್ಬರು ಹೊಸ ತಂದೆತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎದುರಿಗೆ ಕೂತವರನ್ನು ನೋಡಿದರೆ ಹೊಸ ಅಪ್ಪ ಅಮ್ಮಂದಿರಿಗಿಂತ ಅಜ್ಜಿಯಂದಿರೇ ಜಾಸ್ತಿ ಇದ್ದೀರಿ. ಒಳ್ಳೆಯದಾಯಿತು. ಮಗುವಿನ ವಿಷಯದಲ್ಲಿ ಮನೆಯ ಕೊನೆಯ ತೀರ್ಮಾನ ನಿಮ್ಮದೇ ಅಲ್ವಾ? ನಾನು ಕ್ಲಿನಿಕ್ಕಿನಲ್ಲಿ ಅಮ್ಮನಿಗೆ ಹೇಳಿ ಕಳಿಸಿದ ಮಾತು ಮನೆಯ ಮೆಟ್ಟಿಲು ಹತ್ತಿದ ಮೇಲೆ ಏನಾಗುತ್ತದೆ ಅಂತ ನನಗೆ ಗೊತ್ತಿದೆ. ಹಾಗಾಗಿ ಈ ಹೊತ್ತು ನಿಮ್ಮ ಜೊತೆಗೇ ನೇರ ಮಾತು.

ನನ್ನಲ್ಲಿಗೆ ಬರುವ ಮನೆಯವರ ತೊಂದರೆ ಮುಖ್ಯವಾಗಿ ಒಂದೇ. ಕಾಯಬಹುದಾದ ವಿಷಯಕ್ಕೆ ಓಡಿ ಬರುತ್ತಾರೆ. ಓಡಿ ಬರಬೇಕಾದ ವಿಷಯಕ್ಕೆ ಮನೆಯಲ್ಲಿ ಕಾಯುತ್ತಾರೆ. ಮಗು ಹಸಿರು ಬಣ್ಣದ ಕಕ್ಕ ಮಾಡಿತು ಅಂತ ರಾತ್ರಿ ಹನ್ನೊಂದಕ್ಕೆ ಫೋನು ಬರುತ್ತದೆ. ಇನ್ನೊಂದು ಮನೆಯಲ್ಲಿ ಹತ್ತು ದಿನದ ಮಗು ಬೆಳಗ್ಗಿನಿಂದ ಹಾಲು ಕುಡಿಯದೆ ಮಲಗಿರುತ್ತದೆ. 'ಎಷ್ಟು ಸಾಧು ಮಗು' ಅಂತ ಮನೆಯವರು ಸುಮ್ನೆ ಇರುತ್ತಾರೆ. ಇವತ್ತು ಈ ಎರಡು ಬಗೆಯನ್ನು ಬೇರೆ ಬೇರೆ ಮಾಡಿ ನೋಡೋಣ.

ಮೊದಲು ತೂಕ. 3 ಕಿಲೋ ಇದ್ದ ಮಗು ನಾಲ್ಕನೇ ದಿನ ಮನೆಗೆ ಹೊರಡುವಾಗ 2 ಕಿಲೋ 800 ಗ್ರಾಂ. ಆಗ ಶುರುವಾಗುತ್ತದೆ, 'ಹಾಲು ಸಾಲುವುದಿಲ್ಲ, ಡಬ್ಬದ ಹಾಲು ತನ್ನಿ' ಅನ್ನುವ ಗಲಾಟೆ. ಹುಟ್ಟಿದ ಮಗುವಿನ ಮೈಯಲ್ಲಿ ನೀರಿನ ಅಂಶ ಹೆಚ್ಚಿರುತ್ತದೆ. ಅದು ಇಳಿಯುತ್ತದೆ. ಮೊದಲ ಕೆಲವು ದಿನಗಳಲ್ಲಿ ಶೇಕಡಾ 7ರಷ್ಟು, ಕೆಲವು ಮಕ್ಕಳಲ್ಲಿ 10ರ ತನಕ ತೂಕ ಇಳಿಯಬಹುದು. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಅಲ್ಲಿಂದ ಮುಂದೆ ದಿನಕ್ಕೆ 25–30 ಗ್ರಾಂ ಏರಬೇಕು. ಐದು ತಿಂಗಳಿಗೆ ಸುಮಾರು ಎರಡು ಪಾಲು, ವರ್ಷಕ್ಕೆ ಮೂರು ಪಾಲು.

ಇಲ್ಲೊಂದು ಗಡಿಯ ಸಮಸ್ಯೆ ಹೇಳಲೇಬೇಕು. ಹೆರಿಗೆ ಮಂಗಳೂರಲ್ಲಿ. ಬಾಣಂತನ ಪೆರ್ಲದ ತವರು ಮನೆಯಲ್ಲಿ. ಮೂರು ತಿಂಗಳಾದ ಮೇಲೆ ಗಂಡನ ಮನೆ ವಿಟ್ಲ. ಮೂರು ಕಡೆ ಮೂರು ತಕ್ಕಡಿ. ಒಂದರಲ್ಲಿ ಬಟ್ಟೆ ಸಮೇತ, ಇನ್ನೊಂದರಲ್ಲಿ ಬಟ್ಟೆ ತೆಗೆದು. ಆಮೇಲೆ 'ಮಗು 200 ಗ್ರಾಂ ಇಳಿದಿದೆ ಡಾಕ್ಟ್ರೇ' ಅಂತ ಗಾಬರಿ. ಆದಷ್ಟು ಒಂದೇ ತಕ್ಕಡಿಯಲ್ಲಿ, ಬಟ್ಟೆ ಇಲ್ಲದೆ ತೂಗಿಸಿ. ಕಾಗದಪತ್ರದ್ದೂ ಇದೇ ಕಥೆ. ಕರ್ನಾಟಕದ ತಾಯಿ ಕಾರ್ಡ್ ಕನ್ನಡದಲ್ಲಿ, ಇಲ್ಲಿನ ಕಾರ್ಡು ಮಲಯಾಳದಲ್ಲಿ. ಓದಲು ಬಾರದಿದ್ದರೆ ನಾಚಿಕೊಳ್ಳಬೇಡಿ, ಆಶಾ ಅಕ್ಕನ ಹತ್ತಿರ ಓದಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಸರಕಾರಿ ಚುಚ್ಚುಮದ್ದಿನ ಪಟ್ಟಿ ಇಡೀ ದೇಶದ ಕಾರ್ಯಕ್ರಮ. ಹುಟ್ಟಿದಾಗ, ಆಮೇಲೆ 6, 10, 14 ವಾರಕ್ಕೆ, ಮತ್ತೆ 9 ತಿಂಗಳಿಗೆ. ಊರು ಬದಲಾಯಿತು ಅಂತ ಒಂದನ್ನೂ ಬಿಡಬೇಕಾಗಿಲ್ಲ. ಗಡಿಯ ತಲಪಾಡಿಯ ಆಚೆ ಹಾಕಿಸಿದ್ದನ್ನು ಈಚೆ ಮುಂದುವರಿಸಬಹುದು. ಕಾರ್ಡು ಕೈಯಲ್ಲಿದ್ದರೆ ಆಯಿತು.

ಹಾಲು ಸಾಲುತ್ತದೋ ಇಲ್ಲವೋ ಅನ್ನುವುದನ್ನು ಅಳುವಿನಿಂದ ಅಳೆಯಬೇಡಿ. ಮಕ್ಕಳು ಎಷ್ಟೋ ಕಾರಣಕ್ಕೆ ಅಳುತ್ತಾರೆ. ಅಳು ಎರಡನೇ ವಾರದಿಂದ ಏರುತ್ತಾ ಹೋಗಿ, ಸುಮಾರು ಆರನೇ ವಾರಕ್ಕೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆ ಹೊತ್ತು ಜೋರು. ಸರಿಯಾಗಿ ಅದೇ ಆರನೇ ವಾರದಲ್ಲಿ ಯಾರೋ ಒಬ್ಬರು 'ದೃಷ್ಟಿ ಆಗಿದೆ' ಅನ್ನುತ್ತಾರೆ, ಇನ್ನೊಬ್ಬರು 'ಹಾಲಿನಲ್ಲಿ ಸತ್ವ ಇಲ್ಲ' ಅನ್ನುತ್ತಾರೆ. ನೀವು ನೋಡಬೇಕಾದದ್ದು ಒದ್ದೆ ಬಟ್ಟೆ. ಐದನೇ ದಿನದ ನಂತರ ದಿನಕ್ಕೆ ಆರು ಸಲವೋ ಜಾಸ್ತಿಯೋ ಮೂತ್ರ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿ. ಹುಟ್ಟಿದ ಒಂದು ಗಂಟೆಯೊಳಗೆ ಶುರು ಮಾಡಿ. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಬೇಡಿ. ಆರು ತಿಂಗಳ ತನಕ ನೀರೂ ಬೇಡ, ಏಪ್ರಿಲ್ ಮೇ ತಿಂಗಳ ಸೆಕೆಗೂ ಬೇಡ. ಎದೆಹಾಲಿನಲ್ಲಿರುವುದು ಬಹುಪಾಲು ನೀರೇ.

ಈಗ ಬಾಣಂತನದ ಮಾತು. ಅಜ್ಜಿಯಂದಿರು ಸ್ವಲ್ಪ ನೆಟ್ಟಗೆ ಕೂರುವುದು ಕಾಣುತ್ತಿದೆ. ಹೆದರಬೇಡಿ, ಎಲ್ಲದಕ್ಕೂ ಬೇಡ ಅನ್ನುವ ಡಾಕ್ಟರು ನಾನಲ್ಲ. ಅಡಿಕೆ ಹಾಳೆಯಲ್ಲಿ ಮಲಗಿಸಿ ಮೀಯಿಸುವುದು ಚೆನ್ನಾಗಿದೆ. ಪ್ಲಾಸ್ಟಿಕ್ ಟಬ್ಬಿಗಿಂತ ನನಗೆ ಅದೇ ಇಷ್ಟ. ಮಗು ಅದರಲ್ಲಿ ಒಪ್ಪವಾಗಿ ಕೂರುತ್ತದೆ, ಹಳತಾದರೆ ಎಸೆದು ಹೊಸತು ತರಬಹುದು. ಆದರೆ ಕೈ ಹಿಡಿತ ಬಿಡಬಾರದು, ಎಣ್ಣೆ ಮೈ ಜಾರುತ್ತದೆ. ತೆಂಗಿನೆಣ್ಣೆ ಹಚ್ಚಿ ಮೆತ್ತಗೆ ನೀವುವುದೂ ಒಳ್ಳೆಯದೇ. ಚರ್ಮಕ್ಕೂ ಒಳ್ಳೆಯದು, ನಿದ್ದೆಗೂ ಒಳ್ಳೆಯದು.

ಬೇಡದ್ದು ಯಾವುದು ಅಂದರೆ, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು. ಮೂಗು ನೇರ ಆಗಲಿ ಅಂತ ಎಳೆಯುವುದು. ಮಗುವಿನ ಎದೆ ಒತ್ತಿ ಹಾಲು ತೆಗೆಯುವುದು. ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮ್ಮನ ಹಾರ್ಮೋನು ಮಗುವಿಗೂ ದಾಟಿರುತ್ತದೆ. ಅದರಿಂದ ಗಂಡು ಹೆಣ್ಣು ಎರಡರಲ್ಲೂ ಎದೆ ಊದಿಕೊಳ್ಳಬಹುದು, ಒಂದೆರಡು ಹನಿ ಹಾಲೂ ಬರಬಹುದು. ಹೆಣ್ಣು ಮಗುವಿಗೆ ಮೊದಲ ವಾರದಲ್ಲಿ ಸ್ವಲ್ಪ ರಕ್ತ ಹೋಗಬಹುದು. ಎರಡೂ ತಾನಾಗಿ ನಿಲ್ಲುತ್ತವೆ. ಇದು ಕಾಯುವ ವಿಷಯ. ಒತ್ತಿದರೆ ಮಾತ್ರ ಕೀವು ತುಂಬಿ ಓಡಿ ಬರುವ ವಿಷಯವಾಗುತ್ತದೆ. ಹೊಕ್ಕುಳಬಳ್ಳಿಗೂ ಅಷ್ಟೇ. ಒಂದೆರಡು ವಾರದಲ್ಲಿ ಒಣಗಿ ಬೀಳುತ್ತದೆ. ಎಣ್ಣೆ, ಬೂದಿ, ಅರಸಿನ ಏನೂ ಬೇಡ. ಸುತ್ತ ಕೆಂಪಾಗಿ ವಾಸನೆ ಬಂದರೆ ತನ್ನಿ.

ಜೇನು ಮಾತ್ರ ಒಂದು ವರ್ಷದ ತನಕ ನಾಲಿಗೆಗೆ ಮುಟ್ಟಿಸಬೇಡಿ. ಬಜೆ ತೇದು ಜೇನಿನಲ್ಲಿ ನೆಕ್ಕಿಸುವುದು ನಮ್ಮ ಕಡೆಯ ಅಭ್ಯಾಸ, ಗೊತ್ತು. ಜೇನಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅದು ಬೆಳೆಯುವುದಿಲ್ಲ. ಎಳೆ ಹೊಟ್ಟೆಯಲ್ಲಿ ಬೆಳೆದು ವಿಷ ಬಿಡುತ್ತದೆ, ಮೈಯೆಲ್ಲ ಸೋತುಹೋಗುತ್ತದೆ. ಅಪರೂಪ, ನಿಜ. ಆದರೆ ಬಂದರೆ ವೆಂಟಿಲೇಟರಿನ ತನಕ ಹೋಗಬಹುದು. ಕಣ್ಣಿಗೆ ಕಾಡಿಗೆಯೂ ಬೇಡ, ಕೆಲವದರಲ್ಲಿ ಸೀಸ ಇರುತ್ತದೆ. ದೃಷ್ಟಿಗೆ ಬೊಟ್ಟು ಇಡಲೇಬೇಕಿದ್ದರೆ ಅಂಗಾಲಿಗೆ ಇಡಿ, ನನ್ನ ತಕರಾರಿಲ್ಲ.

ಮಳೆಗಾಲದಲ್ಲಿ ಇನ್ನೊಂದು. ಆಟಿಯಲ್ಲಿ ಬಟ್ಟೆ ಒಣಗುವುದಿಲ್ಲ. ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಒಳಗೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಬಟ್ಟೆಯನ್ನೂ ಮಗುವನ್ನೂ ಒಟ್ಟಿಗೆ ಹೊಗೆ ಹಿಡಿಸುತ್ತೇವೆ. ಎಳೆ ಶ್ವಾಸಕೋಶಕ್ಕೆ ಅದು ಹೊಗೆ ಅಷ್ಟೇ. ಬಟ್ಟೆಯನ್ನು ಇಸ್ತ್ರಿ ಹಾಕಿ ಒಣಗಿಸಿ. ಮಗುವಿಗೆ ಚಳಿಯಾದರೆ ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಮಲಗಿಸಿ, ಮೇಲೆ ಹೊದೆಸಿ. ಅಪ್ಪನ ಎದೆಯೂ ಆಗುತ್ತದೆ.

ಕಾಮಾಲೆಗೆ ಬರೋಣ. ಇದರಲ್ಲಿ ಕಾಯುವುದೂ ಇದೆ, ಓಡುವುದೂ ಇದೆ. ಎರಡನೇ ಮೂರನೇ ದಿನ ಮುಖ ಹಳದಿಯಾಗಿ, ನಾಲ್ಕೈದನೇ ದಿನಕ್ಕೆ ಜಾಸ್ತಿಯಾಗಿ, ಎರಡು ವಾರದೊಳಗೆ ಇಳಿಯುವುದು ಸಾಮಾನ್ಯ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಓಡಿ. ಅಂಗೈ ಅಂಗಾಲು ಹಳದಿಯಾದರೆ ಓಡಿ. ಮಗು ಮಂಕಾಗಿ ಹಾಲು ಬಿಟ್ಟರೆ ಓಡಿ.

'ಬಿಸಿಲಿಗೆ ಹಿಡಿದರೆ ಸಾಕಲ್ವಾ' ಅಂತ ಯಾರೋ ಕೇಳಿದರು. ಆ ಮಾತಿನ ಹಿಂದೆ ಒಂದು ಒಳ್ಳೆಯ ಕಥೆ ಇದೆ, ಹೇಳಿಬಿಡುತ್ತೇನೆ. 1950ರ ದಶಕ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ರಾಚ್‌ಫರ್ಡ್ ಅಂತ ಒಂದು ಆಸ್ಪತ್ರೆ. ಅಲ್ಲಿ ದಿನ ತುಂಬದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ವಾರ್ಡ್ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ದಿನ ಡಾಕ್ಟರುಗಳಿಗೆ ಒಂದು ಮಗುವನ್ನು ತೋರಿಸಿದರು. ಮೈ ಎಲ್ಲ ತಿಳಿಯಾಗಿದೆ, ಬಟ್ಟೆ ಮುಚ್ಚಿದ್ದ ಒಂದು ತುಂಡು ಜಾಗ ಮಾತ್ರ ಹಳದಿ. ಅಲ್ಲಿಂದ ಬೆಳಕಿನ ಚಿಕಿತ್ಸೆ ಹುಟ್ಟಿತು. 1958ರಲ್ಲಿ ಅಲ್ಲಿನ ಡಾಕ್ಟರುಗಳು ಅದನ್ನು ಪ್ರಕಟಿಸಿದರು. ಇವತ್ತು ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತೇವಲ್ಲ, ಅದೇ. ಅಂದರೆ ಬಿಸಿಲಿನ ಮಾತು ಬರೀ ಕಟ್ಟುಕಥೆ ಅಲ್ಲ. ಆದರೆ ಮುಂಜಾನೆ ಹತ್ತು ನಿಮಿಷ ಜಗಲಿಯಲ್ಲಿ ಬಟ್ಟೆ ಸುತ್ತಿ ಹಿಡಿದರೆ ಏರಿದ ಕಾಮಾಲೆ ಇಳಿಯುವುದಿಲ್ಲ. ಎಷ್ಟು ಏರಿದೆ ಅಂತ ಕಣ್ಣಿಗೆ ಸರಿಯಾಗಿ ಗೊತ್ತೂ ಆಗುವುದಿಲ್ಲ. ತೀರಾ ಏರಿದರೆ ಮೆದುಳಿಗೆ, ಕಿವಿಗೆ ಪೆಟ್ಟು ಬೀಳುತ್ತದೆ. ಪರೀಕ್ಷೆ ಮಾಡಿಸಿ.

ಎರಡು ವಾರ ದಾಟಿದರೂ ಹಳದಿ ಹೋಗದಿದ್ದರೆ ಕಕ್ಕದ ಬಣ್ಣ ನೋಡಿ. ಹಳದಿ, ಹಸಿರು, ಕಂದು ಯಾವುದಾದರೂ ಸರಿ. ಸುಣ್ಣದಂತೆ ಬಿಳಿಚಿದ್ದರೆ ಅದೇ ದಿನ ಹೊರಡಿ. ಪಿತ್ತನಾಳ ಮುಚ್ಚಿಹೋಗಿರಬಹುದು. ಅದರ ಆಪರೇಷನ್ನು 60 ದಿನದೊಳಗೆ ಆದರೆ ಫಲ ಹೆಚ್ಚು. ಆ ರಾತ್ರಿ ಹನ್ನೊಂದರ ಫೋನು ಇಂಥದಕ್ಕೆ ಬಂದರೆ ನನಗೆ ಬೇಸರವಿಲ್ಲ.

ಇನ್ನು ಬೇಗ ಬೇಗ ಹೇಳಿ ಮುಗಿಸುತ್ತೇನೆ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಯಲ್ಲಿ ಸಿರಪ್ ಕೊಟ್ಟು ಕಾಯಬೇಡಿ. ಮೈ ತಣ್ಣಗಾದರೂ ಅಷ್ಟೇ ಅಪಾಯ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 60 ಮುಟ್ಟಿದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ, ಅಥವಾ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಹೊರಡಿ. ನಡುವೆ ಐದಾರು ಸೆಕೆಂಡು ಉಸಿರು ನಿಂತು ಮತ್ತೆ ಶುರುವಾಗುವುದು ಎಳೆ ಮಕ್ಕಳಲ್ಲಿ ಇದ್ದದ್ದೇ. ಮಲಗಿಸುವುದು ಯಾವತ್ತೂ ಬೆನ್ನ ಮೇಲೆ. ಹೊಟ್ಟೆಯ ಮೇಲೆ ಮಲಗಿಸುವುದು ಎಚ್ಚರ ಇದ್ದಾಗ, ನೀವು ಪಕ್ಕದಲ್ಲಿದ್ದಾಗ ಮಾತ್ರ. ಕುತ್ತಿಗೆ ಗಟ್ಟಿಯಾಗಲು ಅದು ಬೇಕು. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು ಅಂತ ಲೆಕ್ಕ ಇದೆ. ಬಂದಾಗ ಚಹಾ ಕೊಟ್ಟು ಕಳಿಸಬೇಡಿ, ಮಗುವಿನ ಬಟ್ಟೆ ಬಿಚ್ಚಿ ತೋರಿಸಿ.

ಅಮ್ಮನದ್ದೂ ಒಂದು ಮಾತು. ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು ಬಹಳ ಮಂದಿಗೆ ಇದೆ. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, 'ನಾನು ಬೇಡ' ಅನಿಸಿದರೆ ಅದು ಕಾಯಿಲೆ. 'ನಾವೂ ನಾಲ್ಕು ಹೆತ್ತಿಲ್ಲವಾ' ಅನ್ನುವುದು ಅದಕ್ಕೆ ಮದ್ದಲ್ಲ. ಟೆಲಿ ಮಾನಸ್ ಅಂತ ಸರಕಾರಿ ಸಹಾಯವಾಣಿ ಇದೆ, 14416. ಕನ್ನಡದಲ್ಲೂ ಮಾತಾಡಬಹುದು. ಜೀವದ ಮೇಲೆ ಆಸೆ ಬಿಟ್ಟ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

ಈಗ ಬೆಳವಣಿಗೆ. ಎಲ್ಲರೂ ಕಾದಿದ್ದು ಇದಕ್ಕೇ ಅನಿಸುತ್ತದೆ. ಪಕ್ಕದ ಮನೆಯ ಮಗು ನಾಲ್ಕು ತಿಂಗಳಿಗೆ ಕವುಚಿ ಬಿತ್ತು, ನಮ್ಮದು ಯಾಕೆ ಇನ್ನೂ ಇಲ್ಲ?

ಕೇರಳದಲ್ಲಿ ಇದಕ್ಕೆ ಚಂದದ ಒಂದು ಚಾರ್ಟು ಇದೆ. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರಿನ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು ಮಾಡಿದ್ದು, 1991ರಲ್ಲಿ ಪ್ರಕಟವಾಯಿತು. ಎರಡು ವರ್ಷದ ತನಕದ ಮಕ್ಕಳಿಗೆ ಬರೀ 17 ಅಂಶ. ಮುಖ ನೋಡಿ ನಗುವುದು, ಕುತ್ತಿಗೆ ನಿಲ್ಲುವುದು, ಕವುಚುವುದು, ಒಂದು ಕೈಯಿಂದ ಇನ್ನೊಂದಕ್ಕೆ ವಸ್ತು ದಾಟಿಸುವುದು, ಹಿಡಿದು ನಿಲ್ಲುವುದು, ನಡೆಯುವುದು, ಎರಡು ಪದ ಹೇಳುವುದು ಹೀಗೆ. ಒಂದೊಂದಕ್ಕೂ ಒಂದು ಅಡ್ಡಪಟ್ಟಿ. ಪಟ್ಟಿಯ ಎಡತುದಿ ಅಂದರೆ ನೂರರಲ್ಲಿ ಮೂರು ಮಕ್ಕಳು ಅಷ್ಟು ಬೇಗ ಮಾಡುತ್ತಾರೆ ಅಂತ. ಬಲತುದಿ ಅಂದರೆ 97 ಮಕ್ಕಳು ಅಷ್ಟರೊಳಗೆ ಮಾಡಿ ಮುಗಿಸುತ್ತಾರೆ ಅಂತ. ಮಗುವಿನ ವಯಸ್ಸಿನ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಇಡಬೇಕು. ಪೆನ್ಸಿಲಿನ ಎಡಕ್ಕೆ ಪೂರ್ತಿ ಮುಗಿದ ಪಟ್ಟಿಗಳನ್ನೆಲ್ಲ ಮಗು ಮಾಡುತ್ತಿರಬೇಕು. ಅಂಗನವಾಡಿ ಟೀಚರೂ ನೋಡಬಹುದು, ನೀವೂ ನೋಡಬಹುದು.

ನಮ್ಮ ಒಳದಾರಿಯ ಬಸ್ಸಿನ ಹಾಗೆ ಇದು. ಒಂಬತ್ತರ ಬಸ್ಸು ಎಂಟೂ ಐವತ್ತಕ್ಕೂ ಬರುತ್ತದೆ, ಒಂಬತ್ತೂ ಇಪ್ಪತ್ತಕ್ಕೂ ಬರುತ್ತದೆ, ಯಾರೂ ಗಾಬರಿಯಾಗುವುದಿಲ್ಲ. ಒಂಬತ್ತೂವರೆ ದಾಟಿದರೆ ಮಾತ್ರ ಅಂಗಡಿಯವರನ್ನು ಕೇಳಿಯೇ ಕೇಳುತ್ತೇವೆ.

ಪಟ್ಟಿ ಎಷ್ಟು ಅಗಲ ಅಂತ ಒಂದು ಉದಾಹರಣೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಲೆಕ್ಕ ಕೊಟ್ಟಿತು. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ತಾನಾಗಿ ನಡೆಯುವುದು 8 ತಿಂಗಳಿಗೂ ಆಗಬಹುದು, 17 ತಿಂಗಳು ದಾಟಿಯೂ ಆಗಬಹುದು. ಅಷ್ಟು ಅಂತರ! ನೂರರಲ್ಲಿ ಸುಮಾರು ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಕೂತಲ್ಲಿಂದ ಎದ್ದು ನಡೆದರು. ಹೊಸ್ತಿಲು ದಾಟಿದ ದಿನ ಪಾಯಸ ಮಾಡುವ ಮನೆಯವರು ಅಂಥ ಮಗುವಿಗೆ ಯಾವ ದಿನ ಪಾಯಸ ಮಾಡಬೇಕು ಅಂತ ನೀವೇ ನಿರ್ಧರಿಸಿ. ನಡಿಗೆ ಬೇಗ ಬರಲಿ ಅಂತ ವಾಕರ್ ಮಾತ್ರ ತರಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮಗು ಮೆಟ್ಟಿಲಿನಿಂದ ಬೀಳುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ನಮ್ಮಲ್ಲಿ ಇನ್ನೂ ತೊಟ್ಟಿಲು ಶಾಸ್ತ್ರಕ್ಕೆ ಉಡುಗೊರೆಯಾಗಿ ಬರುತ್ತದೆ.

ದಿನ ತುಂಬದೆ ಹುಟ್ಟಿದ ಮಗುವಿಗೆ ಲೆಕ್ಕ ಬೇರೆ. 32 ವಾರಕ್ಕೆ ಹುಟ್ಟಿದರೆ 40ಕ್ಕೆ 8 ವಾರ ಕಡಿಮೆ, ಅಂದರೆ ಸುಮಾರು ಎರಡು ತಿಂಗಳು. ಆರು ತಿಂಗಳ ಆ ಮಗುವನ್ನು ನಾಲ್ಕು ತಿಂಗಳಿನದು ಅಂತ ನೋಡಿ. ಎರಡು ವರ್ಷದ ತನಕ ಹೀಗೆ ಕಳೆಯಬೇಕು. ಚುಚ್ಚುಮದ್ದಿಗೆ ಮಾತ್ರ ಕಳೆಯಬಾರದು, ಅದು ಹುಟ್ಟಿದ ದಿನದ ಲೆಕ್ಕ.

ಬಲತುದಿ ದಾಟಿದರೆ? ಮೂರು ತಿಂಗಳಾದರೂ ಮುಖ ನೋಡಿ ನಗುವುದಿಲ್ಲ. ಐದು ತಿಂಗಳಾದರೂ ಕುತ್ತಿಗೆ ನಿಲ್ಲುವುದಿಲ್ಲ. ಹತ್ತು ತಿಂಗಳಾದರೂ ಕೂರುವುದಿಲ್ಲ. ಒಂದೂವರೆ ವರ್ಷವಾದರೂ ನಡೆಯುವುದಿಲ್ಲ. ಅಥವಾ ಕಲಿತದ್ದನ್ನು ಬಿಟ್ಟಿತು. ಇವು ತೋರಿಸಲೇಬೇಕಾದವು.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಬೇರೆಯೇ ಭಾರ ಇದೆ ಅಂತ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಊರು ನಮ್ಮದು. ಆ ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದಕ್ಕೆ ತಡೆ ಹಾಕಿತು. ಎಣ್ಮಕಜೆ, ಮುಳಿಯಾರಿನ ಕಡೆಯ ಮನೆಗಳಲ್ಲಿ ಮಗು ಸ್ವಲ್ಪ ನಿಧಾನ ಅಂದರೆ ಸಾಕು, ದೊಡ್ಡವರ ಮುಖ ಕಪ್ಪಾಗುತ್ತದೆ. ಆ ಹೆದರಿಕೆಗೇ ಕೆಲವರು ಮಗುವನ್ನು ತೋರಿಸುವುದಿಲ್ಲ, 'ಎಂಡೋಸಲ್ಫಾನ್ ಮಗು' ಅಂತ ಹೆಸರು ಬೀಳುತ್ತದೆ ಅಂತ. ನಿಧಾನಕ್ಕೆ ನೂರು ಕಾರಣ ಇರಬಹುದು. ಥೈರಾಯ್ಡ್ ಕಡಿಮೆ ಇದ್ದರೆ ದಿನಕ್ಕೊಂದು ಸಣ್ಣ ಮಾತ್ರೆ ಸಾಕು, ಆದರೆ ಅದು ಮೊದಲ ಕೆಲವು ವಾರಗಳಲ್ಲೇ ಶುರುವಾಗಬೇಕು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮಾಡುವ ಪರೀಕ್ಷೆ ಅದಕ್ಕೇ. ನಿಮ್ಮ ಮಗುವಿಗೆ ಆಗಿದೆಯಾ ಅಂತ ಡಿಸ್ಚಾರ್ಜ್ ಕಾಗದದಲ್ಲಿ ಇವತ್ತೇ ನೋಡಿ.

ಮಾತಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆಯಲ್ಲಿ ಹವ್ಯಕ ಕನ್ನಡ, ತೋಟದ ಕೆಲಸದವರ ಜೊತೆ ತುಳು, ಅಂಗಡಿಯಲ್ಲಿ ಮಲಯಾಳ, ಅಪ್ಪ ಅಮ್ಮ ಸೇರಿ ಅಭ್ಯಾಸ ಮಾಡಿಸುವ ಇಂಗ್ಲಿಷು. 'ಇಷ್ಟು ಭಾಷೆಯಿಂದ ಮಗುವಿಗೆ ಗಲಿಬಿಲಿಯಾಗಿ ಮಾತು ತಡವಾಯಿತಾ?' ಅಂತ ಕೇಳದ ತಿಂಗಳಿಲ್ಲ. ಇಲ್ಲ. ಎರಡು ಮೂರು ಭಾಷೆ ಕೇಳುವ ಮಕ್ಕಳೂ ಮೊದಲ ಪದವನ್ನು ಉಳಿದವರ ಹೊತ್ತಿಗೇ ಹೇಳುತ್ತಾರೆ. ಎಣಿಸುವಾಗ ಎಲ್ಲ ಭಾಷೆಯನ್ನೂ ಕೂಡಿಸಿ. ಹಾಲಿಗೆ 'ಪೇರ್', ನೀರಿಗೆ 'ವೆಳ್ಳಂ', ಅಜ್ಜನಿಗೆ 'ಅಜ್ಜ' ಅಂದರೆ ಮೂರು ಪದ ಬಂತು. ಮಾತು ಬೇಗ ಬರಲಿ ಅಂತ ಮನೆಮಾತು ಬಿಟ್ಟು ಬಾರದ ಇಂಗ್ಲಿಷಿನಲ್ಲಿ ಮಾತಾಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಾತ್ರ ನೀವು ಮಗುವಿನ ಜೊತೆ ಹರಟೆ ಹೊಡೆಯಬಲ್ಲಿರಿ. ಮಗುವಿಗೆ ಬೇಕಾದ್ದು ಆ ಹರಟೆ.

ಭಾಷೆಯ ಮೇಲೆ ತಪ್ಪು ಹೊರಿಸಿ ಕೂತರೆ ಕಿವಿ ತಪ್ಪಿಹೋಗುತ್ತದೆ. ವರ್ಷವಾದರೂ 'ಬಬಬ', 'ದದದ' ಇಲ್ಲ, ಒಂದೂವರೆ ವರ್ಷವಾದರೂ ಒಂದು ಪದ ಇಲ್ಲ ಅಂದರೆ ಮೊದಲು ಕಿವಿಯ ಪರೀಕ್ಷೆ. ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿದೆವು ಅನ್ನಬೇಡಿ. ಮಗು ನೆರಳು ನೋಡಿಯೂ ತಿರುಗುತ್ತದೆ. ನಿಜವಾಗಿ ಇಷ್ಟು ತಡವೂ ಆಗಬಾರದು. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ದೋಷ ಇದ್ದರೆ ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಚಿಕಿತ್ಸೆ ಶುರು.

ಮೊಬೈಲು? ಎರಡು ವರ್ಷದ ತನಕ ಬೇಡ. ಊಟ ಮಾಡಿಸಲೂ ಬೇಡ. ಒಂದೇ ವಿನಾಯಿತಿ, ದುಬೈಯಿಂದಲೋ ಶಾರ್ಜಾದಿಂದಲೋ ಕರೆ ಮಾಡುವ ಅಪ್ಪ. ಅದು ಕಾರ್ಟೂನಿನ ಹಾಗಲ್ಲ, ಎದುರಿನ ಮುಖ ಮಗುವಿನ ನಗುವಿಗೆ ತಿರುಗಿ ನಗುತ್ತದೆ. ಗಲ್ಫಿನ ಅಪ್ಪಂದಿರೇ, ಮೊಬೈಲಿನಲ್ಲಿ 'ಏನು ತಿಂದೆ' ಅಂತ ಕೇಳುವುದನ್ನು ಬಿಟ್ಟು ಹಾಡು ಹೇಳಿ.

ತಿನ್ನುವ ಮಾತು ಬಂತು. ಆರು ತಿಂಗಳಿಗೆ ರಾಗಿ ಮಣ್ಣಿ, ಬೇಯಿಸಿ ನುರಿದ ನೇಂದ್ರ, ಅನ್ನ ತೊವ್ವೆ, ತಿನ್ನುವ ಮನೆಯವರಾದರೆ ಮೊಟ್ಟೆ, ಮೀನು. ಕೂವೆ ಹುಡಿ ಹೊಟ್ಟೆಗೆ ತಂಪು, ಆದರೆ ಅದರಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನಿಲ್ಲ. ಅದೊಂದನ್ನೇ ಕೊಡುತ್ತಾ ಹೋಗಬೇಡಿ. ಅಂಗನವಾಡಿಯ ಅಮೃತಂ ಪುಡಿಯನ್ನು ದನಕ್ಕೆ ಹಾಕುವ ಮನೆಗಳೂ ಇವೆ. ಗೋಧಿ, ಕಡಲೆ, ನೆಲಗಡಲೆ, ಸೋಯಾ ಸೇರಿದ ಹುಡಿ ಅದು. ಅದರ ಪಾಕ ಸಿದ್ಧವಾದದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲೇ. ಸಿಹಿ ಸ್ವಲ್ಪ ಜಾಸ್ತಿ ಅಂತ ನನಗೂ ಅನಿಸುತ್ತದೆ. ಹಾಗಂತ ದನಕ್ಕೆ ಹಾಕುವುದಾ?

ಒಂದು ಚೀಟಿ ಬಂದಿದೆ. 'ನಮ್ಮ ಮಗು ಎಲ್ಲದಕ್ಕೂ ಎಡಗೈಯನ್ನೇ ಮುಂದೆ ಮಾಡುತ್ತದೆ. ಈಗಲೇ ತಿದ್ದಬೇಕಾ?' ಎಡಗೈ ತಪ್ಪಲ್ಲ, ತಿದ್ದಬೇಡಿ. ಆದರೆ ಕೆಳಗೆ ವಯಸ್ಸು ಏಳು ತಿಂಗಳು ಅಂತ ಬರೆದಿದ್ದಾರೆ. ವರ್ಷದ ಒಳಗೆ ಮಕ್ಕಳು ಎರಡೂ ಕೈ ಬಳಸುತ್ತಾರೆ. ಒಂದೇ ಕೈ ಬಳಸಿದರೆ ನಾವು ನೋಡುವುದು ಆ ಕೈಯನ್ನಲ್ಲ, ಸುಮ್ಮನಿರುವ ಇನ್ನೊಂದು ಕೈಯನ್ನು. ಬಲ ಕಡಿಮೆ ಇದೆಯಾ, ಮುಷ್ಟಿ ಬಿಗಿದೇ ಇರುತ್ತದಾ ಅಂತ ಪರೀಕ್ಷೆ ಮಾಡಬೇಕು. ಏನೂ ಇಲ್ಲದಿರಬಹುದು. ಇದ್ದರೆ ವ್ಯಾಯಾಮ ಈಗಲೇ ಶುರುವಾಗಬೇಕು. ಚೀಟಿ ಬರೆದವರು ಮಗುವನ್ನು ಕರೆದುಕೊಂಡು ಬಂದಿದ್ದರೆ ಹೊರಡುವ ಮೊದಲು ಈ ಮೇಜಿನ ಹತ್ತಿರ ಬನ್ನಿ. ಒಂದು ಚಮಚವೋ ಬೀಗದ ಕೈಯೋ ಇದ್ದರೆ ಸಾಕು, ಇಲ್ಲೇ ನೋಡಿಬಿಡೋಣ.